ಉಡಿಯಲ್ಲಿ ಬಂದ ಶಂಖ

ನಾಗಲಿಂಗಮ್ಮನ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದ ಖಲಂದರನನ್ನು ಎಳೆದು ಗೋಡೆಗೆ ಬಡಿದರು. ಅವನ ಎಡಗೈ ಮುರಿಯಿತು. ನಾಗಲಿಂಗಮ್ಮ ಸತ್ತಳು. ಅವಳನ್ನು ಕೊಂದವನು ಖಲಂದರ ಎಂದು ಕೇಸು ದಾಖಲಾಯಿತು.

ಮೊದಲು ಕೈ ಹಾಕಿ ಎಳೆದವನು ಅವಳ ತಮ್ಮ ಮಂಜಣ್ಣ. ಈಗ ಅವನು ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು, ಮೈಲಾರಲಿಂಗನ ಯಾರೋ ಗೊರವಯ್ಯನ ನಡುಪಟ್ಟಿಗೆ ಕವಡೆ ಹೊಲಿಯುತ್ತಿದ್ದ. ಎದುರಿಗೆ ಕುಳಿತವಳ ಮುಖ ನೋಡಿರಲಿಲ್ಲ.

"ನೀರು ಕೊಡ್ತೀನಿ, ಕುಡುದು ಹೋಗ್ರಿ ಮೇಡಮ್ಮೋರ. ಮಾತು ಮಾತ್ರ ಕೇಳಬ್ಯಾಡ್ರಿ. ಮಾತೇನಿದ್ರೂ ಇವತ್ತು ಕೂಡ್ಲಿಗಿ ಕೋರ್ಟಿನ್ಯಾಗ."

"ಆ ಮಾತು ನಿಮ್ಮದೋ, ಸಾವ್ಕಾರ ಮೈಲಾರೇಶಪ್ಪನದೋ?" ಎಂದಳು ಅಮೃತಾ.

ಅವನು ದಾರ ಕಚ್ಚಿ ತುಂಡರಿಸಿದ.

ಅಮೃತಾ ಖಲಂದರನ ವಕೀಲೆ. ಫಿರ್ಯಾದಿಯ ಹೊಸ್ತಿಲು ತುಳಿಯಬೇಡ ಎಂದು ಅವಳ ಹಿರಿಯ ವಕೀಲರು ಬಡಿದುಕೊಂಡು ಹೇಳಿದ್ದರು. ಬೆಳಿಗ್ಗೆಯೇ ಕೂಡ್ಲಿಗಿಯಿಂದ ಸ್ಕೂಟರ್ ಹಾಕಿಕೊಂಡು, ಹಡಗಲಿ ರಸ್ತೆಯ ಈ ಊರಿಗೆ ಬಂದು ತುಳಿದಿದ್ದಳು. ಮಧ್ಯಾಹ್ನ ಮಂಜಣ್ಣ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ, ಖಲಂದರ ಅವಳ ಚಹಾದಲ್ಲಿ ವಿಷದ ಪುಡಿ ಬೆರೆಸಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳುವವನಿದ್ದ. ಹೇಳಿಬಿಟ್ಟರೆ ಖಲಂದರ ಜೈಲಿನಿಂದ ಹೊರಬರುವ ದಾರಿ ಮುಚ್ಚಿದಂತೆ.

ಖಲಂದರನ ಹೆಂಡತಿ ಮುಮ್ತಾಜ್ ಬೇಗಂ ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದಳು. ಈ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿದವಳು ಅವಳು. ಇದೇ ಪಡಸಾಲೆಯಲ್ಲಿ ಬಳೆಗಂಟಿನ ಮಲಾರ ಬಿಚ್ಚಿ ಕೂರುತ್ತಿದ್ದವಳನ್ನು ಇಂದು ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

ಅಮೃತಾ ಮೂಗಿನ ಮೇಲೆ ಕರ್ಚೀಫು ಹಿಡಿದಳು. "ಏನ್ರೀ ಇದು ವಾಸನಿ?"

"ಇಲಿ ಸತ್ತೈತಿ."

ಇಲಿ ಸತ್ತ ವಾಸನೆ ಅವಳಿಗೆ ಗೊತ್ತಿತ್ತು. ಇದರಲ್ಲಿ ಉಪ್ಪಿತ್ತು. ಸಂತೆಯಲ್ಲಿ ಒಣಮೀನು ಮಾರುವ ಕಡೆ ಗಾಳಿ ಹೀಗೇ ಇರುತ್ತದೆ. ಅದು ಬರುತ್ತಿದ್ದುದು ಅಡುಗೆಮನೆಯಿಂದಲ್ಲ. ಗೋಡೆಯಲ್ಲಿದ್ದ ದೇವರ ಮಾಡದಿಂದ. ಅಲ್ಲಿ ಅರಿಶಿನದ ಭಂಡಾರದ ಬಟ್ಟಲ ಪಕ್ಕದಲ್ಲಿ ಒಂದು ತಾಮ್ರದ ಚರಿಗೆ, ಅದರ ಬಾಯಿಗೆ ಕಟ್ಟಿದ ಅರಿವೆ.

ಅವಳು ಅದನ್ನು ನೋಡಿಯೂ ನೋಡದಂತೆ ಫೋನು ತೆಗೆದಳು.

"ಈ ಫೋಟೋ ಒಂದು ನೋಡ್ರಿ ಮಂಜಣ್ಣ. ನೋಡಿದ ಮ್ಯಾಲ ಹೋಗು ಅಂದ್ರ ಹೋಗ್ತೀನಿ."

ಮದುವೆಯೊಂದರ ಫೋಟೋ. ಕೊಟ್ಟೂರಿನಲ್ಲಿ ಮೈಲಾರೇಶ್ ಕಟ್ಟಿಸಿದ ಹೊಸ ಕಲ್ಯಾಣ ಮಂಟಪದ ಬಾಗಿಲಲ್ಲಿ ಮದುಮಗಳು ನಿಂತಿದ್ದಳು. ಅವಳ ಹಿಂದೆ ಗೋಡೆಯಗಲದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಬಣ್ಣದ ಮೀನು, ಕೆಂಪು-ನೇರಳೆಯ ಜೀವಂತ ಹವಳದ ಬಂಡೆ. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಊರಿಗೆ ಮೈಲಾರೇಶ್ ಸಮುದ್ರ ತರಿಸಿದ್ದ. ಹವಳ ಕಿತ್ತು ಸಾಗಿಸುವುದು ಅಪರಾಧ ಎಂದು ಅವನಿಗೆ ಹೇಳಿದವನು, ತೊಟ್ಟಿಯ ಪಂಪು ನೋಡಿಕೊಳ್ಳುತ್ತಿದ್ದ ಖಲಂದರ. ಅರಣ್ಯ ಇಲಾಖೆಗೆ ತಿಳಿಸುತ್ತೇನೆ ಎಂದೂ ಅಂದಿದ್ದ. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ನಾಗಲಿಂಗಮ್ಮ ಅದನ್ನು ಕೇಳಿಸಿಕೊಂಡಿದ್ದಳು; ಆ ಮಾತಿಗಿದ್ದ ಸಾಕ್ಷಿ ಅವಳೊಬ್ಬಳೇ.

ಅದೇ ಮಂಟಪದಲ್ಲಿ ಅವಳು ಸತ್ತ ಮರುದಿನ ತೊಟ್ಟಿ ಖಾಲಿಯಾಗಿತ್ತು. ಸೋರುತ್ತಿತ್ತು, ತೆಗೆಸಿದೆವು ಎಂದರು. ಅಮೃತಾ ಹೋಗಿ ನೋಡಿದಾಗ ಮಂಟಪದ ಮೋರಿಯುದ್ದಕ್ಕೂ ಕನಕಾಂಬರದ ಗಿಡಗಳು ಸುಟ್ಟು ಕರಕಾಗಿದ್ದವು. ಬುಡದಲ್ಲಿ ಉಪ್ಪಿನ ಬಿಳಿ ಗೆರೆ.

"ಮದುಮಗಳನ್ನ ಬಿಡ್ರಿ. ತೊಟ್ಟಿ ಮೂಲಿ ನೋಡ್ರಿ," ಎಂದು ಅವಳು ಚಿತ್ರವನ್ನು ಹಿಗ್ಗಿಸಿದಳು.

ಬಂಡೆಯ ಬುಡದ ಮರಳಿನಲ್ಲಿ ಅರ್ಧ ಹುದುಗಿದ ಒಂದು ಚಿಪ್ಪು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು. ಮೈಮೇಲೆ ಕಂದು ಬಲೆ, ನಡುನಡುವೆ ಬಿಳಿಯ ಸಣ್ಣ ತ್ರಿಕೋನಗಳು. ಇಳಕಲ್ ಸೀರೆಯ ಸೆರಗಿನ ಗೋಪುರಗಳನ್ನು ಯಾರೋ ಕಲ್ಲಿನ ಮೇಲೆ ನೇಯ್ದಂತೆ.

ಮಂಜಣ್ಣನ ಸೂಜಿ ನಿಂತಿತು. ನಿಂತದ್ದನ್ನು ಅಮೃತಾ ನೋಡಿದಳು.

"ಖಲಂದರ ನನಗೊಂದು ಮಾತು ಹೇಳ್ಯಾನ. ಆವತ್ತು ನಿಮ್ಮಕ್ಕ ಒಂದು ಕೈಲೆ ನೆಲ ಒರಸ್ತಿದ್ಳಂತ. ಇನ್ನೊಂದು ಕೈ ನಡುವಿನ ಮ್ಯಾಲ. ಯಾಕವ್ವ, ನಡು ನೋವೇನು ಅಂತ ಅಂವ ಕೇಳಿದ್ನಂತ. ಅದಕ್ಕ ಆಕಿ ನಕ್ಕೋತ, 'ಖಲಂದರಣ್ಣ, ನನಗೂ ಉಡಿ ತುಂಬ್ಯಾರ' ಅಂದ್ಳಂತ."

"ಸುಳ್ಳು! ಗಂಡ ಸತ್ತಾಕಿಗೆ ಯಾರು ಉಡಿ ತುಂಬತಾರ?"

"ಅದನ್ನ ಕೇಳಾಕನ ಬಂದೀನಿ."

ಮಂಜಣ್ಣ ಪಟ್ಟಿಯನ್ನು ಪಕ್ಕಕ್ಕಿಟ್ಟ. ಅವನ ಬಸುರಿ ಹೆಂಡತಿಯ ಕುಬಸದ ದಿನ ನಾಗಲಿಂಗಮ್ಮ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಏಳಬೇಡ ಎಂದವನು ಅವನೇ. ಮುತ್ತೈದೆಯರು ಉಡಿ ತುಂಬುವಾಗ ಬಾಗಿಲ ಸಂದಿಯಿಂದ ನೋಡುತ್ತಿದ್ದವಳನ್ನು, "ಹೋಳಿಗಿ ಸೀದ್ರ ನೋಡು" ಎಂದು ಒಳಗೆ ಕಳಿಸಿದ್ದ. ಹೋಳಿಗೆ ಸೀದಿರಲಿಲ್ಲ.

"ಆವತ್ತು ನೀವು ಚೆಲ್ಲಿದ ಉಡಿ ಅಕ್ಕಿ ಕಂಡ್ರಿ, ಹೌದಲ್ಲ?" ಅಮೃತಾ ಮೆಲ್ಲಗೆ ಕೇಳಿದಳು.

ಅವನು ಸೂಜಿಯನ್ನು ಪಟ್ಟಿಗೆ ಚುಚ್ಚಿಟ್ಟ.

"ಕಂಡೆ. ನಾ ಕೊಟ್ಟೂರಾಗ ದಾರ ಕೊಳ್ಳಾಕ ಹೋಗಿದ್ದೆ. ಸಾವ್ಕಾರ್ರು ಫೋನ್ ಮಾಡಿದ್ರು. 'ನಿಮ್ಮಕ್ಕ ಹೆಂಗ್ ಬಿದ್ದಾಳ ಬಂದು ನೋಡ್ಲೇ' ಅಂದ್ರು. ಓಡಿ ಹೋದ್ರ, ನೆಲದ ತುಂಬ ಅಕ್ಕಿ, ಕೊಬ್ರಿ ಬಟ್ಲ, ಅರಿಷಿಣಬೇರು, ಉತ್ತತ್ತಿ. ನಡುವ ಆಕಿ. ಆಕಿ ಬಾಯಿಗೆ ಬಾಯಿ ಇಟ್ಕೊಂಡು ಅಂವ."

"ಏನಂತ ತಿಳಕೊಂಡ್ರಿ?"

"ಮತ್ತೇನು ತಿಳಕೊಳ್ಲಿ? ಗಂಡ ಸತ್ತಾಕಿ ಉಡ್ಯಾಗ ಅಕ್ಕಿ ಬಿದ್ರ ಅದು ಉಡಕಿ. ಇನ್ನೊಬ್ಬ ಗಂಡನ್ನ ಮಾಡಿಕೊಂಡ್ಳು ಅಂತ ಅರ್ಥ. ಕುಲದಾಗ ಕೇಳಲಿಲ್ಲ, ನನ್ನ ಕೇಳಲಿಲ್ಲ, ಅದೂ ಅವನ ಜೋಡಿ... ನನ್ನ ಕಣ್ಣಿಗೆ ಕತ್ಲಿ ಬಂತು."

"ಚಹಾದಾಗ ಪುಡಿ ಹಾಕಿದ್ದು ಕಂಡ್ರಾ?"

"ಇಲ್ಲ." ದನಿ ಕುಗ್ಗಿತು. "ಹಂಗ ಹೇಳು ಅಂದಾರ."

"ಸಾವ್ಕಾರ್ರು ಆಂಬುಲೆನ್ಸಿಗೆ ಫೋನ್ ಮಾಡ್ಲಿಲ್ಲ. ನಿಮಗ ಮಾಡಿದ್ರು. ಯಾಕಂತ ಒಮ್ಮೆರ ವಿಚಾರ ಮಾಡೀರೇನು?"

ಅವನು ಮಾಡಿರಲಿಲ್ಲ. ಅದು ಈಗ ಅವನ ಮುಖದ ಮೇಲೆ ಕಾಣುತ್ತಿತ್ತು.

ಅಮೃತಾ ಹರಪನಹಳ್ಳಿಯ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರದ ಅರುಣಕುಮಾರ್ ಮೇಷ್ಟ್ರಿಗೆ ಈ ಫೋಟೋ ತೋರಿಸಿ ಬಂದಿದ್ದಳು. ಅವರು ಚಿತ್ರ ನೋಡಿದವರೇ, ಮೊದಲು ಕೇಳಿದ್ದು: ಯಾರಾದರೂ ಸತ್ತರೇನಮ್ಮ?

"ಇದು ಬಸವನಹುಳು," ಎಂದಳು. "ಸಮುದ್ರದ್ದು. ಶಂಕು ಬಸವನಹುಳು ಅಂತಾರ. ಹವಳದ ಬಂಡಿ ಸಂದ್ಯಾಗ ಇರತೈತಿ. ಹಗಲೆಲ್ಲ ಮರಳಾಗ ಹುಗುದಿದ್ದು, ಕತ್ತಲಾದ ಮ್ಯಾಲ ಬ್ಯಾಟಿಗೆ ಹೊಂಡತೈತಿ."

"ಬಸವನಹುಳು ಬ್ಯಾಟಿ ಆಡತೈತೇನ್ರಿ?" ಮಂಜಣ್ಣನಿಗೆ ಆ ಸ್ಥಿತಿಯಲ್ಲೂ ಒಂದು ವಕ್ರ ನಗೆ ಬಂತು. "ನಮ್ಮ ಬದನಿಗಿಡದಾಗಿಂದು ಒಂದು ಎಲಿ ದಾಟೂದರಾಗ ಮಳಿಗಾಲ ಮುಗಿದಿರತೈತಿ."

"ಓಡಾಕ ಬರಲ್ಲ ಅಂತನ ಅದಕ್ಕ ಅಷ್ಟು ವಿಷ. ಚುಚ್ಚಿದ ಮೀನು ಓಡಿಹೋದ್ರ ಬೆನ್ನು ಹತ್ತಾಕ ಆಗಂಗಿಲ್ಲಲ್ಲ? ಅದಕ್ಕ ಮೀನು ಇದ್ದಲ್ಲೇ ಮರಗಟ್ಟಬೇಕು. ಬಾಯಾಗ ಸೂಜಿಯಂಥ ಹಲ್ಲು, ಒಳಗ ಟೊಳ್ಳು, ತುದಿಗೆ ಕೊಕ್ಕಿ. ಸೊಂಡಿಲು ಚಾಚಿ ಬರ್ಚಿ ಎಸೆದಂಗ ಎಸೀತೈತಿ. ಇವುಗಳ ಕುಲದಾಗ ನೂರಾರು ಜಾತಿ. ಕೆಲವು ಹುಳ ತಿಂತಾವ, ಕೆಲವು ತಮ್ಮಂಥ ಬಸವನಹುಳಾನ ತಿಂತಾವ. ಇದು ಮೀನು ತಿನ್ನೋದು. ಮನುಷ್ಯಾನ್ನ ಕೊಲ್ಲೋದು ಹೆಚ್ಚಾಗಿ ಇದೇ."

ಮಂಜಣ್ಣನ ಕಣ್ಣು ಮಾಡದ ಕಡೆ ಹೋಗಿ ಬಂತು.

"ಜನ ಚೆಂದ ಐತಿ ಅಂತ ಎತ್ತಿ ಕಿಸೆದಾಗ ಹಾಕ್ಕೊಂತಾರಂತ. ಅರಿವಿ ದಾಟಿ ಚುಚ್ಚತೈತಿ. ಒಮ್ಮೊಮ್ಮಿ ನೋವೂ ಗೊತ್ತಾಗಲ್ಲ. ತುಟಿ ಜುಮ್ಮಂತಾವ. ಕಣ್ಣ ರೆಪ್ಪಿ ಬೀಳ್ತಾವ. ನಾಲಿಗಿ ತೊಡರತೈತಿ. ಆಮ್ಯಾಲ ಎದಿ ಏಳಂಗಿಲ್ಲ." ಅಮೃತಾ ತಡೆದು ಕೇಳಿದಳು, "ಆಕಿ ಮೈ ತೊಳೆದವರು ಏನಂದ್ರು?"

"ಕಿಬ್ಬೊಟ್ಟಿ ಮ್ಯಾಲ ಸೂಜಿ ಚುಚ್ಚಿದಂಗ ಒಂದು ಚುಕ್ಕಿ ಐತಿ, ಸುತ್ತ ನೀಲಿಗಟ್ಟೈತಿ ಅಂದ್ರು. ಜಾಲಿಮುಳ್ಳಿರಬೇಕು ಅಂದೆ." ಅವನು ಮುಂದಕ್ಕೆ ಬಾಗಿದ. "ಅದಕ್ಕ ಔಷಧ ಏನೈತಿ?"

"ಇಲ್ಲ."

"ಹಂಗಾರ ಯಾರು ಏನು ಮಾಡಿದ್ರೂ ಉಳೀತಿರಲಿಲ್ಲ." ಆ ಮಾತಿನಲ್ಲಿ ಒಂದು ಆಸೆ ಇತ್ತು. ಅದನ್ನು ಮುರಿಯಬೇಕಾದವಳು ಅಮೃತಾಳೇ.

"ಒಂದು ದಾರಿ ಐತಿ. ಎದಿ ಏಳದಿದ್ರೂ ಗುಂಡಿಗಿ ಬಡಕೋತ ಇರತೈತಿ. ವಿಷ ಇಳಿಯೂತನಕ ಬ್ಯಾರೆಯವರು ಉಸಿರು ಕೊಡಬೇಕು. ಮಷೀನಿಲೆ. ಮಷೀನು ಬರೂತನಕ, ಬಾಯಿಲೆ."

ಮಂಜಣ್ಣ ತಲೆಯೆತ್ತಿದ. ಅಮೃತಾ ಮಾತು ನಿಲ್ಲಿಸಲಿಲ್ಲ.

"ಖಲಂದರ ಹಿಂದ ಉಕ್ಕಿನ ಕಾರ್ಖಾನ್ಯಾಗ ದುಡುದಾಂವ. ಗ್ಯಾಸು ಬಡಿದವರಿಗೆ ಹೆಂಗ ಉಸಿರು ಊದಬೇಕು ಅಂತ ಅಲ್ಲಿ ಕಲಿಸಿದ್ರು. ಏನು ಕಚ್ಚೈತಿ ಅಂತ ಅವಗ ಗೊತ್ತಿರಲಿಲ್ಲ. ಉಸಿರು ನಿಂತೈತಿ ಅಂತ ಗೊತ್ತಿತ್ತು."

"ಊದಾಕ ಬಿಟ್ಟಿದ್ರ..."

"ಉಳೀತಿದ್ಳು ಅಂತ ಮೇಷ್ಟ್ರು ಹೇಳಿಲ್ಲ. ಉಳೀಬಹುದಿತ್ತು ಅಂದ್ರು."

ಮಂಜಣ್ಣ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಖಲಂದರನ ಕೊರಳಪಟ್ಟಿ ಹಿಡಿದ ಕೈಗಳು. ಕವಡೆ ಹೊಲಿದು ಬೆರಳ ತುದಿಗಳು ಕಲ್ಲಾಗಿದ್ದವು.

"ಇನ್ನೊಂದು ಕೇಳ್ತೀನಿ ಮೇಡಮ್ಮೋರ. ಖರೆ ಹೇಳ್ರಿ. ಆಗ ಆಕಿಗೆ... ಕಿವಿ ಕೇಳಿಸ್ತಿತ್ತೇನ್ರಿ?"

ಇದನ್ನು ಅವನು ಕೇಳದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು. ಸುಳ್ಳು ಹೇಳುವುದೇ ಕಸುಬು ಎಂದು ಜನ ನಂಬಿದ ಕಪ್ಪು ಕೋಟು ಅವಳ ತೊಡೆಯ ಮೇಲಿತ್ತು. ಆ ಹೊತ್ತಿಗೆ ಕಸುಬು ಕೈಕೊಟ್ಟಿತು.

"ಕೇಳಿಸಿರತೈತಿ ಮಂಜಣ್ಣ. ಕಣ್ಣು ತೆರಿಯಾಕ ಆಗಲ್ಲ, ಬೆರಳು ಆಡಸಾಕ ಆಗಲ್ಲ. ಅರಿವು ಇರತೈತಿ."

"ನಾನು ಅಂದೆ," ಮಂಜಣ್ಣ ಗೋಡೆಗೆ ಹೇಳುವಂತೆ ಹೇಳಿದ, "'ಅವನ ಎಂಜಲುಸಿರು ಕುಡಿಯೂಕಿಂತ ಸಾಯಿ ನೀ' ಅಂದೆ. ಕಿವಿ ಹತ್ರ ಬಗ್ಗಿ ಅಂದೆ. ಸತ್ಲು. ನಮ್ಮಕ್ಕ ಒಮ್ಮಿನೂ ನನ್ನ ಮಾತು ಮೀರಿದಾಕಿ ಅಲ್ರಿ."

ಬಾಗಿಲಲ್ಲಿ ಬಳೆ ಸದ್ದಾಯಿತು. ಮುಮ್ತಾಜ್ ಬೇಗಂ ಯಾವಾಗಲೋ ಎದ್ದು ಬಂದು ಹೊಸ್ತಿಲ ಆಚೆ ನಿಂತಿದ್ದಳು.

"ಗಾಳಿಗೂ ಜಾತಿ ಕೇಳಿದ್ರಲ್ಲೋ ಮಂಜಣ್ಣ," ಎಂದಳು. ಬೈಗುಳದ ಮಾತನ್ನು ಬೈಯಲೂ ಆಗದಷ್ಟು ದಣಿದ ದನಿಯಲ್ಲಿ. "ಅಂವ ಜೇಲಿನ್ಯಾಗ ಕೈ ಮುರುದದ್ದಕ್ಕ ಅಳಂಗಿಲ್ಲ. 'ಆಕಿ ಎದಿ ಏಳ್ತಿತ್ತು ಮುಮ್ತಾಜ್, ನನ್ನ ಉಸಿರಿಗೆ ಏಳ್ತಿತ್ತು' ಅಂತಾನ. ಹೋದಾಗೊಮ್ಮೆ ಅದನ್ನ ಹೇಳ್ತಾನ. ನಾನು ಏನಂತ ಸಮಾಧಾನ ಮಾಡ್ಲಿ? ನೀನ ಹೇಳು."

ಮಂಜಣ್ಣ ಎದ್ದು ಹೋಗಿ ಮಾಡದಿಂದ ಚರಿಗೆಯನ್ನು ಇಳಿಸಿದ. ಅರಿವೆ ಬಿಚ್ಚಿದ್ದೇ ತಡ, ಪಡಸಾಲೆಯ ತುಂಬ ಕೊಳೆತ ಸಮುದ್ರ ಹರಡಿತು.

ಕಂದು ನೀರಿನ ತಳದಲ್ಲಿ ಇಳಕಲ್ ಸೆರಗಿನ ಗೋಪುರಗಳು.

"ಹೆಣ ಎತ್ತುವಾಗ ಉಡ್ಯಾಗಿಂದ ಬಿತ್ತು. ಕಡಲಾಗಿನ ಚಿಪ್ಪು ಮೈಲಾರಲಿಂಗನ ಪಟ್ಟಿಗೆ ಸೇರೂವಂಥದ್ದು. ನೆಲಕ್ಕ ಇಡಬಾರದು, ಚೀಲದಾಗ ಹಾಕಬಾರದು, ಉಡ್ಯಾಗ ತರಬೇಕು, ನೀರಾಗ ಇಡಬೇಕು. ನಮ್ಮ ಮನಿ ಪದ್ಧತಿ. ಆಕಿ ಅದಕ್ಕ ಉಡ್ಯಾಗ ಅವುಚಿ ಹಿಡಕೊಂಡಾಳ. ಖಲಂದರ ಕೊಟ್ಟಾನ ಅಂತ ಒಗೀಬೇಕು ಅನಿಸ್ತಿತ್ತು. ದೇವರ ವಸ್ತು ಅಂತ ಒಗಿಯಾಕ ಆಗಲಿಲ್ಲ. ಖಾಲಿ ಚಿಪ್ಪು ಯಾಕ ನಾರತೈತಿ ಅಂತ ತಿಳೀಲಿಲ್ರಿ."

"ಖಾಲಿ ಇರಲಿಲ್ಲ. ಉಡ್ಯಾಗ ಬೀಳುವಾಗ ಅದು ಜೀವಂತ ಇತ್ತು." ಅಮೃತಾ ಬಗ್ಗಿ ನೋಡಿದಳೇ ಹೊರತು ಕೈ ಹಾಕಲಿಲ್ಲ. "ಇದನ್ನ ನನಗ ಕೊಡಬ್ಯಾಡ್ರಿ. ನಾನು ಒಯ್ದ್ರ ವಕೀಲೆ ತಂದಿಟ್ಟಾಳ ಅಂತಾರ. ನೀವೇ ಒಯ್ದು ಮ್ಯಾಜಿಸ್ಟ್ರೇಟರ ಮುಂದ ಇಟ್ಟು, ಕಂಡದ್ದಷ್ಟ ಹೇಳ್ರಿ."

ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

"ಏನ್ಲೇ ಮಂಜಾ, ಇನ್ನೂ ಅಂಗಿ ಹಾಕ್ಕೊಂಡಿಲ್ಲೇನ್ಲೇ? ಕೋರ್ಟು ನಿಮ್ಮಪ್ಪನ ಹೊಲ ಏನು, ಬೇಕಾದಾಗ ಹೋಗಾಕ?"

ಮೈಲಾರೇಶ್ ಹಣೆಯ ಬೆವರು ಒರೆಸುತ್ತ ಒಳಗೆ ಬಂದ. ಮುಮ್ತಾಜಳನ್ನು ನೋಡಲಿಲ್ಲ. ಅಮೃತಾಳನ್ನು ನೋಡಿದ. "ಓಹೋ, ವಕೀಲಮ್ಮಾರೂ ಅದಾರ. ಕೂಡ್ಲಿಗ್ಯಾಗ ಕೇಸು ಸಾಲಲಿಲ್ಲೇನ್ರಿ?"

"ಸಾಲಲಿಲ್ರಿ. ಮನಿಮನಿ ತಿರುಗಾಕ ಹತ್ತೀನಿ."

ಅವನು ನಗುವವನಿದ್ದ. ಆಗ ಮಂಜಣ್ಣನ ಕೈಯಲ್ಲಿದ್ದ ಚರಿಗೆಯ ತಳದ ಚಿಪ್ಪು ಕಣ್ಣಿಗೆ ಬಿತ್ತು. ಮುಂದಿಟ್ಟ ಕಾಲು ಹಿಂದಕ್ಕೆ ಹೋಯಿತು.

"ಅದನ್ನ ಕೈಲೆ ಮುಟ್ಟೀಯೇನ್ಲೇ?"

"ಬರೀ ಚಿಪ್ಪು ಮುಟ್ಟಿದ್ರ ಏನಾಗತೈತ್ರಿ?" ಎಂದಳು ಅಮೃತಾ.

"ಏನಾಗತೈತಿ... ನಾರತೈತಿ ಅಂತ ಅಂದೆ."

ಅವನ ಹಿಂದೆಯೇ ಡ್ರೈವರು ಬಂದು ನಿಂತ. ಒಂದು ಕೈಯಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟು. ಇನ್ನೊಂದು ಕೈಯಲ್ಲಿ ಕರೆಂಟಿನ ಲೈನ್‌ಮನ್‌ಗಳು ಹಾಕಿಕೊಳ್ಳುವಂಥ, ಮೊಳಕೈವರೆಗಿನ ದಪ್ಪ ರಬ್ಬರು ಗ್ಲೌಸು.

ಬರೀ ಚಿಪ್ಪು ಒಯ್ಯಲು ಬಂದವನು ಗ್ಲೌಸು ತಂದಿದ್ದ.

ಅದನ್ನು ಅಮೃತಾ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮಂಜಣ್ಣ ಗ್ಲೌಸನ್ನೇ ನೋಡುತ್ತಿದ್ದ.

"ಸಾವ್ಕಾರ್ರ, ಇದು ನಮ್ಮನ್ಯಾಗ ಐತಿ ಅಂತ ನಾ ಯಾರ ಮುಂದೂ ಅಂದಿಲ್ಲ."

"ನಮ್ಮನಿಯಾಕಿ ಹೇಳಿದ್ಳಪ್ಪ. ಪಾಪ ಅನಿಸ್ತು, ಉಡಿ ತುಂಬಿದ್ನಿ, ಚಿಪ್ಪೂ ಹಾಕಿದ್ನಿ ಅಂದ್ಳು. ಹುಡುಕಿದ್ರ ಅಲ್ಲಿ ಸಿಗಲಿಲ್ಲ. ನಿನ್ನ ಹತ್ರನ ಇರಬೇಕು ಅಂತ ಬಂದೆ."

"ಪೊಲೀಸರ ಮುಂದ ನಿಮ್ಮ ಮನಿಯವರು, ರಮಾ ಅವರು, ಆಕಿಗೆ ಏನೂ ಕೊಟ್ಟಿಲ್ಲ ಅಂದಿದ್ರು," ಎಂದಳು ಅಮೃತಾ.

"ಹೆಂಗಸು, ಹೆದರಿ ಅಂದಿರಬೇಕು."

"ರಮಾ ಅಕ್ಕಾವ್ರಿಗೆ ಹೆದರಿಕಿ ಇತ್ತಂದ್ರ," ಮಂಜಣ್ಣ ಒಂದೊಂದೇ ಮಾತನ್ನು ಕವಡೆ ಪೋಣಿಸುವಂತೆ ಪೋಣಿಸಿದ, "ನೀರಾಗಿಂದ ಇದನ್ನ ತಗದು ಅವರ ಕೈಗೆ ಕೊಟ್ಟವರು ಯಾರ್ರಿ? ಇದು ಕಡೀತೈತಿ ಅಂತ ನಿಮಗ ಯಾವಾಗ ಗೊತ್ತಾತು ಸಾವ್ಕಾರ್ರ? 'ಬಂದು ನೋಡ್ಲೇ' ಅಂತ ನನಗ ಫೋನ್ ಮಾಡಿದ ಮ್ಯಾಲೋ? ನಮ್ಮಕ್ಕನ ಉಡಿ ತುಂಬೂಕಿಂತ ಮೊದಲೋ?"

ಹೊರಗೆ ಕಾರಿನ ಹಿಂಬದಿಯ ಗಾಜು ಇಳಿಯಿತು. ರಮಾ ಕುಳಿತಿದ್ದಳು. ಅತ್ತು ಬಾತ ಮುಖ. ಅವಳ ಕಣ್ಣು ಮಂಜಣ್ಣನ ಮೇಲಿರಲಿಲ್ಲ, ಚರಿಗೆಯ ಮೇಲಿತ್ತು.

"ನಾ ಇವರನ್ನ ಕೇಳಿದ್ನಿ," ಎಂದಳು. "ವಿಧವಿಗೆ ಯಾಕ ಉಡಿ ತುಂಬಸ್ತೀರಿ ಅಂತ ಕೇಳಿದ್ನಿ. ಅದಕ್ಕ ಇವರು..."

"ಗ್ಲಾಸ್ ಏರಸು!" ಮೈಲಾರೇಶ್ ತಿರುಗದೆಯೇ ಗುಡುಗಿದ.

ಗಾಜು ಏರಿತು. ಅವಳ ತುಟಿ ಇನ್ನೂ ಆಡುತ್ತಿತ್ತು. ಮಾತು ಕೇಳಿಸಲಿಲ್ಲ.

ಡ್ರೈವರು ಬಕೆಟ್ಟನ್ನು ಕೆಳಗಿಟ್ಟು, ಬಾಗಿಲನ್ನು ಮುಂದೆ ತಳ್ಳಿ ಅಗಳಿ ಹಾಕಿದ. ಮುಮ್ತಾಜ್ ಹೊರಗೆ ಉಳಿದಳು. ಅವಳು ಬಾಗಿಲು ಬಡಿಯುವ ಸದ್ದು, ಬಳೆ ಒಡೆಯುವ ಸದ್ದು.

"ಮಂಜಾ," ಮೈಲಾರೇಶನ ದನಿ ಈಗ ಮೆತ್ತಗಿತ್ತು. "ಹೋದಾಕಿ ಹೋದ್ಲು. ಉಳಿದವರು ಬಾಳೇವು ಮಾಡಬೇಕು. ಅದನ್ನ ಬಕೀಟಿನ್ಯಾಗ ಹಾಕು. ಅಂಗಿ ಹಾಕ್ಕೊಂಡು ಗಾಡಿ ಹತ್ತು. ಕೋರ್ಟಿನ್ಯಾಗ ಹೇಳಿಕೊಟ್ಟಷ್ಟು ಹೇಳು."

ಮಂಜಣ್ಣ ನೆಲಕ್ಕೆ ಕುಳಿತ. ಉಟ್ಟ ಧೋತರದ ಮಡಿಕೆಯನ್ನು ಬಿಚ್ಚಿ ಉಡಿ ಮಾಡಿದ. ಚರಿಗೆಯನ್ನು ಅದರಲ್ಲಿಟ್ಟು, ಅಕ್ಕ ಹಿಡಿದಿದ್ದಂತೆಯೇ ಒಂದು ಕೈ ಅದರ ಮೇಲಿಟ್ಟುಕೊಂಡು ಎದ್ದು ನಿಂತ.

"ಕೂಡ್ಲಿಗಿಗೆ ನಾ ಬಸ್ಸಿಗೆ ಹೋಗ್ತೀನ್ರಿ," ಎಂದ. "ನಿಮ್ಮ ಗಾಡಿ ಹತ್ತಂಗಿಲ್ಲ."